ಪರದೆಯ ಮೇಲೆ ಸಕ್ಕೂಬಾಯಿಯ ದೂರು

ಮಂಗಳೂರು, ಭಾನುವಾರ

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲೆ ನನಗೆ ಸಿಟ್ಟೇನಿಲ್ಲ, ತಂಗಿ ಸಕ್ಕೂಬಾಯಿ. ಇಲ್ಲೊಂದು ಸಣ್ಣ ಚಿತ್ರಮಂದಿರದಲ್ಲಿ ಭಾನುವಾರಕ್ಕೊಂದು ಡಾಕ್ಯುಮೆಂಟರಿ ತೋರಿಸುತ್ತಾರೆ. ಮಗಳು ಅನಿತಾ ಎಳೆದುಕೊಂಡು ಹೋದಳು. ತೂಕಡಿಸುತ್ತ ಕುಳಿತಿದ್ದೆ. ಕಣ್ಣು ಬಿಟ್ಟರೆ ಪರದೆ ತುಂಬ ನಮ್ಮ ರಾಜೂರಿನ ಹೊಲ, ಉಳ್ಳಾಗಡ್ಡಿ ಕೊಯ್ಯುವ ಹೆಂಗಸರು, ನಡುವೆ ನೀನು! ಕುಡಗೋಲು ನಿಲ್ಲಿಸದೆ ಹೇಳುತ್ತಿದ್ದೆ: "ನಮ್ಮಣ್ಣ ಬಿ.ಎ. ಕಲ್ತಾನ್ರಿ, ಚಾ ಕಾಸಾಕ ಬರೂದಿಲ್ಲ. ಅತ್ತಿಗೆವ್ವ ತೀರಿಕೊಂಡ ಮ್ಯಾಲೆ ನಮ್ಮನಿಗೆ ಉಣ್ಣಾಕ ಬಾ ಅಂದ್ರ 'ನೋ ಥ್ಯಾಂಕ್ಸ್' ಅಂತಾನ. ನನಗರ ರೊಟ್ಟಿ ಹ್ಯಾಂಗ ಗಂಟಲದಾಗ ಇಳೀಬೇಕ್ರಿ?"

'ನೋ ಥ್ಯಾಂಕ್ಸ್'ಗೆ ಮಂದಿ ನಕ್ಕರು. ಕೊನೆಯ ಮಾತಿಗೆ ಯಾರೂ ನಗಲಿಲ್ಲ.

ಇಲ್ಲಿ ಸಿನಿಮಾ ಮುಗಿದರೂ ಬಿಡುವುದಿಲ್ಲ, ಚಹಾ ಕೊಟ್ಟು ಮಾತಿಗೆ ಕೂರಿಸುತ್ತಾರೆ. ಅನಿತಾ, "ಆ ಅಣ್ಣ ಇವರ ನೋಡ್ರಿ, ನಮ್ಮಪ್ಪ!" ಅಂದುಬಿಟ್ಟಳು. ಚಿತ್ರ ತೆಗೆದ ಹುಡುಗಿ ಉಮಾ ಗಾಬರಿಯಾದಳು. "ಬರೂ ತಿಂಗಳ ನರಗುಂದದಾಗ ಎಲ್ಲಾರಿಗೂ ತೋರಸ್ತೀವ್ರಿ, ಕಾಕಾ. ಆ ಮಾತು ತಗದ ಬಿಡ್ಲೇನ್ರಿ?"

ನಾವು ಉಳ್ಳಾಗಡ್ಡಿ ಮಾರುವ ನರಗುಂದದ ಅಡತಿ ಅಂಗಡಿಗಳಲ್ಲಿ ನನ್ನನ್ನು ಇವತ್ತಿಗೂ 'ಸರ್' ಅನ್ನುತ್ತಾರೆ, ನಿನಗೇ ಗೊತ್ತು. ಆದರೂ ಎದ್ದು, "ಇಟ್ ಈಸ್ ಫ್ಯಾಕ್ಟ್. ಇರಲಿ ಬಿಡವಾ," ಅಂದೆ.

ತೋರಿಸಲೆಂದು ಬಂದ ಮೊಣಕಾಲು ನೋವು ಹಾಗೇ ಇದೆ, ಇಲ್ಲಿನ ದವಾಖಾನೆಯ ಗುಳಿಗೆಗೆ ಬರೀ ನಿದ್ದೆ ಬರುತ್ತದೆ. ಊರಲ್ಲಿ ಒಬ್ಬನೇ ಉಣ್ಣುವುದೂ ಸಾಕಾಗಿದೆ, ಸಕ್ಕೂ. ಮುಂದಿನ ವಾರ ಬಸ್ಸಿಳಿದು ನೇರ ನಿನ್ನ ಮನೆಗೇ ಬರುತ್ತೇನೆ. ನನ್ನ ಪಾಲಿನ ರೊಟ್ಟಿಯನ್ನೂ ಬಡಿ. ಬೆಳಕು ಹೋಗುತ್ತಿದೆ, ಬರೆದದ್ದು ಕಾಣಿಸುತ್ತಿಲ್ಲ.

ನಿನ್ನ ಅಣ್ಣ,
ಗವಿಸಿದ್ದಪ್ಪ