ಕುಬ್ರಾಳಿಗೊಂದು ಸಾಲು ಕೊಡಿ

ಹದಿಹರೆಯದವರ ಆರೋಗ್ಯ ಸಮೀಕ್ಷೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

“ಈ ಭಾಗದ ಹುಡುಗಿಯರು ದೇಹ, ಮದುವೆ, ಬಸಿರುಗಳ ಕುರಿತು ಯಾರನ್ನೂ ಕೇಳುವುದಿಲ್ಲ, ನಮ್ಮ ಪ್ರಶ್ನೆಗೆ ಮೌನವೇ ಉತ್ತರವಾಗಿತ್ತು” ಎನ್ನುತ್ತದೆ ತಮ್ಮ ೨೦೦೩ರ ವರದಿ. ತಪ್ಪು. ಅಂದು ನಮ್ಮೂರ ಶಾಲೆಯಲ್ಲಿ ನಾನಿದ್ದೆ. ಅಲ್ಲಿ ಕೇಳಿಸಿದ್ದು ನಗೆ. ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ನಗೆಗೂ ಮೌನಕ್ಕೂ ಇರುವ ವ್ಯತ್ಯಾಸ ತಿಳಿಯದೇ?

ತಮ್ಮ ಸಮೀಕ್ಷಕರು ಹತ್ತನೆಯ ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಮುಖ್ಯೋಪಾಧ್ಯಾಯ ತೋಂಟದಾರ್ಯನವರ ಎದುರಿನಲ್ಲೇ, “ಇಂಥ ವಿಷಯ ಯಾರನ್ನು ಕೇಳುತ್ತೀರಿ? ತಾಯಿಯನ್ನೋ, ಶಿಕ್ಷಕಿಯನ್ನೋ, ವೈದ್ಯರನ್ನೋ?” ಎಂದರು. ಎಂಥ ಏಕಾಂತ! ಆದರೂ ಕೃತಿಕಾ ಎಂಬಾಕೆ, “ಟೈಲರ್ ಕುಬ್ರಕ್ಕನ್ನ, ಸಾ” ಎಂದಳು. ಸಾಲಿಗೆ ಸಾಲೇ ನಕ್ಕಿತು. ಸಮೀಕ್ಷಕರು ಅದನ್ನು ಕುಚೋದ್ಯವೆಂದು ಬಗೆದು “ಯಾರನ್ನೂ ಇಲ್ಲ” ಎಂಬಲ್ಲಿ ಗುರುತು ಹಾಕಿದರು. ನಿಜ ನುಡಿದವಳು ತಮ್ಮ ಕಾಗದದಲ್ಲಿ ಬಾಯಿಲ್ಲದವಳಾದಳು.

ಕುಬ್ರಾಳ ಹೊಲಿಗೆ ಅಂಗಡಿ ನಮ್ಮೂರು ಕಿಬ್ಬನಹಳ್ಳಿಯ ಬಸ್ ನಿಲ್ದಾಣದ ಹಿಂದಿದೆ. ಅಳತೆಯ ಪರದೆ ಎಳೆದರೆ ಒಳಗೆ ಇಬ್ಬರೇ. ಹೆಣ್ಣುಮಕ್ಕಳಿಗೆ ಅಂಥ ಜಾಗ ಬೇರೆಲ್ಲಿದೆ, ತಾವೇ ಹೇಳಿ. ಸಮೀಕ್ಷೆಯ ಮರುತಿಂಗಳು ಹದಿನಾರರ ಕೃತಿಕಾಳನ್ನು ಮದುವೆಯ ರವಿಕೆ ಹೊಲಿಸಲು ಅಲ್ಲಿಗೇ ಕರೆತಂದರು. ಹುಡುಗಿ ಬಿಕ್ಕಿದಳು.

“ಹಿಂಗೆ ಅಲ್ಲಾಡುದ್ರೆ ಅಳತೆ ನಿಲ್ಲಾಕಿಲ್ಲ ಕಣವ್ವ. ಏನಾಯ್ತು?”

“ಭಯ ಕಣಕ್ಕ. ನಮ್ಮಕ್ಕ ಹದಿನೇಳಕ್ಕೇ ಹೆತ್ತು ಸಾಯಂಗಾಗಿದ್ಲು.”

“ಇದುಕ್ಕೆ ಉತ್ತರ ನನ್ ಟೇಪ್ನಾಗಿಲ್ಲ. ನಡಿ” ಎಂದು ಕುಬ್ರಾ ಅವಳನ್ನು ತಮ್ಮ ಇಲಾಖೆಯಿಂದ ಪ್ರತಿ ಶನಿವಾರ ನಮ್ಮೂರಿಗೆ ಬರುವ ದಾದಿ ಸರ್ವರಿ ಬೇಗಂ ಬಳಿಗೆ ಕರೆದೊಯ್ದಳು. ದಾದಿ ಹುಡುಗಿಯ ತಂದೆ ಗಂಗರಾಜುವನ್ನು ಕರೆಸಿ ಎಳೆಯ ಬಸಿರಿನ ಅಪಾಯವನ್ನು ತಾಳ್ಮೆಯಿಂದ ವಿವರಿಸಿದರು. ಆತ ನೇರವಾಗಿ ಅಂಗಡಿಗೆ ಬಂದು, “ಬಟ್ಟೆ ಕತ್ತರಿಸ್ಬ್ಯಾಡ ಕಣಮ್ಮ. ಹದಿನೆಂಟಾಗ್ಲಿ ಬುಡು” ಎಂದ.

“ಅಷ್ಟೊತ್ಗೆ ಅಳತೇನೂ ಬದಲಾಯ್ತದೆ ಬುಡಣ್ಣ!” ಎಂದಳು ಕುಬ್ರಾ.

ಈಗ ತಾವು, ಕೇಳುವವರೇ ಇಲ್ಲವೆಂದು ದಾದಿಯ ಶನಿವಾರವನ್ನೇ ರದ್ದುಗೊಳಿಸಹೊರಟಿದ್ದೀರಿ. ಕೃತಿಕಾಳ ಸಹಪಾಠಿ ಮೆಹರೀನಳ ಮನೆಯಲ್ಲೂ ಮದುವೆಯ ಮಾತೆದ್ದಿದೆ. ನಾಳೆ ಅವಳು ಆ ಪರದೆಯ ಹಿಂದೆ ಅತ್ತರೆ ಕುಬ್ರಾ ಯಾರ ಬಳಿಗೆ ಕರೆದೊಯ್ಯಬೇಕು? ವರದಿಯನ್ನು ತಿದ್ದಿ, ಶನಿವಾರವನ್ನು ಉಳಿಸಿ, ಸಮೀಕ್ಷೆಯ ನಮೂನೆಯಲ್ಲಿ ತಾಯಿ, ಶಿಕ್ಷಕಿ, ವೈದ್ಯರ ಕೆಳಗೆ ಕುಬ್ರಾಳಿಗೊಂದು ಸಾಲು ಕೊಡಿ.

ಇಂತಿ,
ಮೂವತ್ತೊಂದು ವರ್ಷ ಯಾವ ಹುಡುಗಿಯೂ ಇಂಥದೊಂದನ್ನು ಕೇಳಲು ತನ್ನ ಬಳಿಗೆ ಬಾರದಿದ್ದ,
ಚಿಕ್ಕಗೌರಮ್ಮ, ನಿವೃತ್ತ ಶಿಕ್ಷಕಿ

ಅಂದು ಶಾಲೆಯಲ್ಲಿ ಹಾಜರಿದ್ದು, ಕರೆದಾಗ ಸಾಕ್ಷಿ ಹೇಳುವವರು: ಕೃತಿಕಾ, ಮೆಹರೀನ್, ಗಂಟೆ ಬಾರಿಸುವ ರಂಗಮ್ಮ, ಮತ್ತು ತೋಂಟದಾರ್ಯನವರು. ಅವರೂ ನಕ್ಕಿದ್ದರು.