ಏಳನೇ ಕಾಲಂ

ಶುಕ್ರವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು
ಪರೀಕ್ಷಾ ಕೊಠಡಿ ಮೂರು, ಕಿಟಕಿಯ ಬಳಿ, ನಿಂತುಕೊಂಡು

ಮಾನ್ಯ ಚಿತ್ರಕಲಾ ಶಿಕ್ಷಕಿಯವರ ಸನ್ನಿಧಿಗೆ,

ತಮ್ಮ ಪತಿಯೂ, ಈ ಪ್ರೌಢಶಾಲೆಯ ಗಣಿತದ ಮೇಷ್ಟರೂ, ಒಂಬತ್ತನೇ ತರಗತಿಯ ಹಾಜರಿ ಪುಸ್ತಕದ ಏಕೈಕ ರಕ್ಷಕನೂ ಆದ ನಾನು ಮಾಡುವ ನಮಸ್ಕಾರಗಳು. ತಮ್ಮ ಮೂರು ಕಾಗದಗಳಿಗೆ ಉತ್ತರಿಸದೆ ಇದ್ದುದಕ್ಕೆ ಕ್ಷಮೆ ಇರಲಿ.

ಇಷ್ಟು ಗೌರವ ಸಾಕಲ್ಲ? ಶಾಲೆಯ ಗೇಟು ದಾಟಿದೊಡನೆ ನೀನು ಮೇಡಂ, ನಾನು ಮೇಷ್ಟ್ರು ಎಂದು ಹದಿನಾಲ್ಕು ವರ್ಷ ನಾಟಕ ಆಡಿದ್ದಾಯಿತು. ಕಾಗದದಲ್ಲೂ ಅದು ಬೇಡ.

ಮೊದಲೇ ಹೇಳಿಬಿಡುತ್ತೇನೆ. ಇದರ ಜೊತೆ ನಾಲ್ಕಾಗಿ ಮಡಿಚಿದ ಒಂದು ಅರ್ಜಿ ಇದೆ. ನೀನು ಈ ಶಾಲೆಗೆ, ಈ ಮನೆಗೆ ವಾಪಸ್ ಬರಲು ಉಳಿದಿರುವ ದಾರಿ ಅದೊಂದೇ. ಕೆಳಗೆ ನಿನ್ನ ಸಹಿ ಬಿದ್ದು ಇಪ್ಪತ್ತನೇ ತಾರೀಕಿನೊಳಗೆ ಇಲಾಖೆಗೆ ಮುಟ್ಟಬೇಕು. ಹನ್ನೊಂದು ಕಾಲಂಗಳಿವೆ. ಹತ್ತನ್ನು ಯಾವಾಗ ಬೇಕಾದರೂ ಓದು. ಏಳನೆಯದನ್ನು ಮಾತ್ರ ಈ ಕಾಗದ ಪೂರ್ತಿ ಮುಗಿಸಿದ ಮೇಲೆ ಓದು. ನೀನು ಆಗಲೇ ಅದನ್ನು ಬಿಚ್ಚುತ್ತಿದ್ದೀಯ. ಗೊತ್ತು ನನಗೆ. ಮಡಿಚಿಡು.

ಇಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯುತ್ತಿದೆ. ಮೇಲ್ವಿಚಾರಕರು ಕೊಠಡಿಯಲ್ಲಿ ಓದಬಾರದು, ಬರೆಯಬಾರದು, ಕೂರಬಾರದು, ಸಾಧ್ಯವಾದಷ್ಟು ಆಕಳಿಸಬಾರದು ಎಂಬ ಸುತ್ತೋಲೆ ಗೋಡೆಯ ಮೇಲಿದೆ. ಹೋದ ವರ್ಷ ಅದನ್ನು ಬರೆದು ಅಂಟಿಸಿದ ಮಹಾನುಭಾವ ಯಾರೆಂದು ನಿನಗೆ ಗೊತ್ತು. ಅದರ ಕೆಳಗೇ ನಿಂತು, ಉಳಿದ ಪ್ರಶ್ನೆಪತ್ರಿಕೆಗಳ ಮರೆಯಲ್ಲಿ, ಕಿಟಕಿ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಮಕ್ಕಳು ಒಂದು ಕಣ್ಣು ನನ್ನ ಮೇಲೇ ಇಟ್ಟಿದ್ದಾರೆ. ಕಾಪಿ ಹೊಡೆಯುವವನ ಮುಖ ಹೇಗಿರುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮನೆಯಲ್ಲಿ ಬರೆಯಬಹುದಿತ್ತಲ್ಲ ಎನ್ನುತ್ತೀಯ. ಮನೆಯಲ್ಲಿ ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಏನನ್ನಾದರೂ ಬಿಚ್ಚಬೇಕೆನಿಸುತ್ತದೆ. ಹೋದ ತಿಂಗಳು ರಜೆಗೆ ನೀನು ನಾಲ್ಕು ದಿನ ಬಂದಿದ್ದಾಗ ನಾನು ಹಿಂಬಾಗಿಲ ಕೀಲು, ನಲ್ಲಿಯ ವಾಷರು, ಕುರ್ಚಿಯ ಕಾಲು ಎಲ್ಲ ಸರಿಮಾಡಿದೆ. ನೀನು ನಕ್ಕು, “ಏನ್ರೀ ಇದು, ನಾನು ಹೋಗಿದ್ದೇ ಮನೆಗೆ ಒಳ್ಳೇದಾಯ್ತಲ್ಲ” ಅಂದೆ. ಆ ಕುರ್ಚಿ ಈಗ ಮೊದಲಿಗಿಂತ ಹೆಚ್ಚು ಅಲ್ಲಾಡುತ್ತದೆ. ಫೋನಿನಲ್ಲಿ ಹೇಳೋಣವೆಂದರೆ, ನೀನೀಗಿರುವ ಊರಲ್ಲಿ ಸಿಗ್ನಲ್ ಸಿಗಬೇಕಾದರೆ ನೀನು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಅಷ್ಟು ಎತ್ತರದಲ್ಲಿ ನಿಂತವಳಿಗೆ “ಊಟ ಆಯ್ತಾ” ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳುವುದಕ್ಕೆ ನನಗೆ ಧೈರ್ಯವಿಲ್ಲ.

ಒಂದು ನಿಮಿಷ. ಮೂರನೇ ಬೆಂಚಿನವನಿಗೆ ಹಾಳೆ ಬೇಕಂತೆ.

ಬಂದೆ. ಹೊಸ ಸಮಾಚಾರ ಕೇಳು. ನಿನ್ನ ಹುದ್ದೆ ರದ್ದಾದ ಮೇಲೆ ಚಿತ್ರಕಲೆಯ ಪೀರಿಯಡ್ಡುಗಳನ್ನು ನಮ್ಮ ನಮ್ಮಲ್ಲೇ ಹಂಚಿಕೊಂಡೆವು. ನನ್ನ ಪಾಲಿಗೆ ಬುಧವಾರದ ಒಂಬತ್ತನೇ ತರಗತಿ ಬಂತು. ಮೊದಲ ವಾರ ಘನ, ಎರಡನೇ ವಾರ ಶಂಕು, ಮೂರನೇ ವಾರ ಘನದ ಮೇಲೆ ಶಂಕು. ನಾಲ್ಕನೇ ವಾರ ಮಕ್ಕಳು ದಂಗೆ ಎದ್ದರು. “ಸರ್, ಜೀವ ಇರೋದು ಏನಾದ್ರೂ ಹಾಕಿ ಸರ್.” ಸರಿ ಎಂದು ಗಿಳಿಯೊಂದನ್ನು ಬರೆದೆ. ತರಗತಿ ಬಹಳ ಹೊತ್ತು ಚರ್ಚಿಸಿ, ಅದು ಮಳೆಯಲ್ಲಿ ನೆನೆದ ಚಪ್ಪಲಿ ಎಂಬ ನಿರ್ಣಯಕ್ಕೆ ಬಂತು. ಗಂಟೆ ಹೊಡೆಯುವ ನಮ್ಮ ಗಂಟೆಮಾವ ಬಾಗಿಲಲ್ಲಿ ಇಣುಕಿ, “ಮೇಷ್ಟ್ರೇ, ಅದಕ್ಕೆ ಒಂದು ಜೊತೆ ಬರೀರಿ, ಪಾಪ” ಎಂದ. ಆ ಚಿತ್ರವನ್ನು ಯಾರೂ ಅಳಿಸುತ್ತಿಲ್ಲ. ನಾನು ಬೀಜಗಣಿತ ಬರೆಯುವುದೂ ಅದರ ಪಕ್ಕದಲ್ಲೇ.

ನಿನ್ನ ಕೋಣೆ ನೀನು ಬಿಟ್ಟು ಹೋದ ಹಾಗೇ ಇದೆ. ಹಾಗೇ ಅಂದರೆ, ಅರ್ಧಕ್ಕೆ ಕ್ರೀಡಾ ಸಾಮಾನು, ಅರ್ಧಕ್ಕೆ ಮುರಿದ ಬೆಂಚು. ಬಣ್ಣ ಒಣಗಿಸುವ ನಿನ್ನ ಹಗ್ಗದ ಮೇಲೆ ಈಗ ವಾಲಿಬಾಲ್ ನೆಟ್ ಒಣಗುತ್ತಿದೆ.

ನಮ್ಮ ವಿಜ್ಞಾನದ ಮೇಷ್ಟ್ರ ವಿಷಯ ಬರೆಯಲೇಬೇಕು. ನಿನ್ನ ಹೋದ ಕಾಗದದಲ್ಲಿ ಅವರ ಬಗ್ಗೆ ಒಂದಿಡೀ ಪುಟ ಇತ್ತು. ತಲೆ ಎಣಿಕೆಯ ದಿನ ಅವರ ತರಗತಿಯ ಯಾರೋ ಒಬ್ಬರು ನೀರು ಕುಡಿಯಲು ಹೋಗಿದ್ದಿರಬೇಕು, ಅವರು ಎಂದಿನ ಮರೆವಿನಲ್ಲಿ ಒಂದು ಕಡಿಮೆ ಎಣಿಸಿರಬೇಕು ಎಂದು ನಿನ್ನ ತೀರ್ಪು. ಲೆಕ್ಕ ಬಿಡಿಸುವ ಮುಂಚೆ ದತ್ತಾಂಶ ಬರೆಯುವುದು ನನ್ನ ಚಟ, ಸಹಿಸಿಕೋ: ಇನ್ನೂರು ಮಕ್ಕಳಿರುವ ಶಾಲೆಗೆ ಚಿತ್ರಕಲೆಯ ಹುದ್ದೆ ಉಂಟು, ಕಡಿಮೆಯಾದರೆ ಇಲ್ಲ. ಹೇಳದೆ ಕೇಳದೆ ತಪಾಸಣಾಧಿಕಾರಿ ಬಂದು, ಅಂದು ಹಾಜರಿದ್ದ ತಲೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಬಂದದ್ದು ನೂರ ತೊಂಬತ್ತೊಂಬತ್ತು. ತಿಂಗಳೊಳಗೆ ನಿನ್ನನ್ನು ಹೆಚ್ಚುವರಿ ಶಿಕ್ಷಕಿ ಎಂದು ಘೋಷಿಸಿ, ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ ಎಸೆದರು.

ನಿನ್ನ ತೀರ್ಪು ವಿಜ್ಞಾನದ ಮೇಷ್ಟ್ರಿಗೆ ತಿಳಿಯದು. ಆದರೆ ತಮಾಷೆ ನೋಡು, ಅವರೂ ಅದೇ ತೀರ್ಪು ಕೊಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ತಮ್ಮ ತರಗತಿಯನ್ನು ನಾಲ್ಕು ಸಲ ಎಣಿಸುತ್ತಾರೆ. ಎಡದಿಂದ ಒಂದು ಸಲ, ಬಲದಿಂದ ಒಂದು ಸಲ, ಮಕ್ಕಳನ್ನು ನಿಲ್ಲಿಸಿ ಒಂದು, ಕೂರಿಸಿ ಒಂದು. ಮೊನ್ನೆ ಮೊನ್ನೆ ತಮ್ಮನ್ನೂ ಸೇರಿಸಿ ಎಣಿಸಿ, ಒಬ್ಬ ಹೆಚ್ಚಾದನಲ್ಲ ಎಂದು ಬೆಂಚಿನ ಕೆಳಗೆ ಹುಡುಕಿದರಂತೆ. ಸಿಬ್ಬಂದಿ ಕೋಣೆಯಲ್ಲಿ ನನಗೆ ದಿನಾ ತಾವೇ ಟೀ ತಂದುಕೊಡುತ್ತಾರೆ. ಮೊನ್ನೆ ಲೋಟ ಇಟ್ಟು ಅಲ್ಲೇ ನಿಂತು, “ನಿಮ್ಮ ಸಂಸಾರ ಎರಡು ಮಾಡಿಬಿಟ್ಟೆ ಅಂತ ನನ್ನ ಹೆಂಡತಿ ದಿನಾ ಬೈತಾಳೆ ಮೇಷ್ಟ್ರೇ. ನನಗೆ ಆ ದಿನ ಸರಿಯಾಗಿ ನೆನಪೇ ಬರ್ತಿಲ್ಲ” ಅಂದರು. ನಾನು ಟೀ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು ಅಂದೆ. ಮಾರನೇ ದಿನದಿಂದ ಸಕ್ಕರೆ ಕಡಿಮೆ.

ಯಾಕೋ ಕಾಲು ಒಂದೆಡೆ ನಿಲ್ಲುತ್ತಿಲ್ಲ. ಒಂದು ಸುತ್ತು ಹಾಕಿ ಬರುತ್ತೇನೆ.

ಎರಡು ಸುತ್ತು ಹಾಕಿದೆ. ಎರಡನೇ ಬೆಂಚಿನ ಗೋಡೆಬದಿಯಲ್ಲಿ ‘ಮೂರನೇ ಗಂಟೆ’ ಕೂತಿದ್ದಾಳೆ. ನಾನಿಟ್ಟ ಹೆಸರು, ನೆನಪಿದೆಯಲ್ಲ? ಮೊದಲ ಗಂಟೆಗೆ ಗೇಟು, ಎರಡನೇ ಗಂಟೆಗೆ ಸಾಲು, ಮೂರನೇ ಗಂಟೆಗೆ ಹಾಜರಿ. ತಮ್ಮನನ್ನು ಶಿಶುವಿಹಾರಕ್ಕೆ ಬಿಟ್ಟು ಓಡಿಬರುವ ಈ ಹುಡುಗಿ ಸದಾ ಮೂರನೇ ಗಂಟೆಯ ಸದ್ದಿನ ಜೊತೆಗೇ ಒಳಗೆ ಬೀಳುತ್ತಿದ್ದಳು. ನಿನ್ನ ಮೆಚ್ಚಿನ ಶಿಷ್ಯೆ. ಅವಳು ಬರೆದ ಎಮ್ಮೆಯನ್ನು ನೀನು ಮನೆಗೆ ತಂದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೀಯ. ಈಗಲೂ ಅದು ನಾನು ಅನ್ನ ಸೀಯಿಸುವುದನ್ನು ದಿನಾ ನೋಡುತ್ತದೆ.

ಈಗ ಅವಳು ಎಷ್ಟು ಹೊತ್ತಿಗೆ ಬರುತ್ತಾಳೆ ಗೊತ್ತಾ? ಗಂಟೆಮಾವನಿಗಿಂತ ಮುಂಚೆ. “ಈ ಹುಡುಗಿ ನನ್ನ ಕೆಲಸಕ್ಕೇ ಸಂಚಕಾರ ತರ್ತಾಳೆ ಮೇಷ್ಟ್ರೇ. ಗೇಟ್ ತೆಗೆಯೋಕೆ ಬಂದ್ರೆ ಬೀಗದ ಹತ್ರ ಇವಳೇ ನಿಂತಿರ್ತಾಳೆ” ಎಂದು ಮಾವನ ದೂರು. ಎಲ್ಲರೂ ನನ್ನ ಶಿಸ್ತಿನ ಫಲ ಎಂದು ಹೊಗಳಿದರು. ಚಿತ್ರ ಬರೆಯುವುದನ್ನು ಬಿಟ್ಟಿದ್ದಾಳೆ. ಬುಧವಾರ ನಾನು ಘನ ಹಾಕಿದರೆ ಘನ ಹಾಕುತ್ತಾಳೆ, ಚಪ್ಪಲಿ ಹಾಕಿದರೆ ಚಪ್ಪಲಿ.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಹುಡುಕಿ ತಂದವರು ಮುಖ್ಯೋಪಾಧ್ಯಾಯಿನಿ. ಅವರ ಸ್ವಭಾವ ನಿನಗೆ ಗೊತ್ತಲ್ಲ, ಬೈಯುವುದೂ ಉಪಕಾರ ಮಾಡುವುದೂ ಒಂದೇ ದನಿಯಲ್ಲಿ. ನನ್ನನ್ನು ಕೋಣೆಗೆ ಕರೆಸಿ, “ಕೂತ್ಕೊಳ್ಳಿ. ಎಣಿಕೆ ತಪ್ಪಾಗಿದೆ ಅಂತ ಯಾರಾದ್ರೂ ಬರೆದುಕೊಟ್ರೆ ಮರುಪರಿಶೀಲನೆ ಮಾಡ್ತಾರಂತೆ. ನಿಮ್ಮ ಹೆಂಡತಿ ವಾಪಸ್ ಬರಬೇಕಾ ಬೇಡವಾ? ಹಿಂಗ್ಯಾಕ್ರೀ ನಿಂತಿದೀರಾ, ಕೂತ್ಕೊಳ್ಳಿ ಅಂದ್ನಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, “ನೀವೇ ತುಂಬಿ. ಯಾವ ತರಗತಿ, ಯಾವ ಮಗು, ಏನಾಯ್ತು ಅಂತ. ನಾನು ಕೇಳಲ್ಲ” ಎಂದು ಬೇರೆ ಕಡತ ತೆರೆದುಕೊಂಡು ಓದತೊಡಗಿದರು. ಕಡತ ತಲೆಕೆಳಗಾಗಿತ್ತು.

ಇದಾಗಿ ಮೂರು ವಾರ. ಅಷ್ಟೂ ದಿನ ಅರ್ಜಿ ನನ್ನ ಮೇಜಿನ ಡ್ರಾಯರಿನಲ್ಲಿ ಕಂಪಾಸ್ ಪೆಟ್ಟಿಗೆಯ ಕೆಳಗೆ ಮಲಗಿತ್ತು. ದಿನಾ ತೆಗೆದು ಆರನೇ ಕಾಲಂವರೆಗೆ ಓದಿ ಒಳಗಿಡುತ್ತಿದ್ದೆ. ನಿನ್ನೆ ತುಂಬಿದೆ. ನಿನ್ನ ಕಾಗದಗಳಿಗೆ ಉತ್ತರ ಬರೆಯಲಾಗದ್ದಕ್ಕೆ ಕಾರಣ ಇದೇ. ಪರೀಕ್ಷೆ, ಮೌಲ್ಯಮಾಪನ, ಕೆಮ್ಮು ಎಂದು ಬೇರೆ ಕಾರಣಗಳನ್ನು ಬರೆಯೋಣವೆಂದಿದ್ದೆ. ಕೆಮ್ಮು ನಿಜವಾಗಿಯೂ ಇತ್ತು, ಎರಡು ದಿನ.

ಸಮಯ ಮುಗಿಯುತ್ತಾ ಬಂತು. ಗಂಟೆಮಾವ ಹೊರಗೆ ಕಬ್ಬಿಣದ ಕೋಲು ಹಿಡಿದು ಗಡಿಯಾರ ನೋಡುತ್ತಿದ್ದಾನೆ. ಆ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಏನೇನೋ ಯೋಚಿಸಬೇಡ. ಕಣ್ಣಿಗೆ ಹತ್ತಿರ ಹಿಡಿದು ಬಣ್ಣ ಬೆರೆಸಬೇಡ, ಕನ್ನಡಕ ಹಾಕಿಕೋ. ನಿನ್ನ ಹೊಸ ಶಾಲೆಯ ಮಕ್ಕಳ ಕೈಗೆಲ್ಲ ಬಣ್ಣ ಮೆತ್ತಲಿ, ಅವರ ತಾಯಂದಿರು ನಿನ್ನನ್ನು ಬೈದುಕೊಳ್ಳಲಿ, ನೀನು ಚೆನ್ನಾಗಿರು.

ಇಂತಿ ನಿನ್ನ,
ಮೇಷ್ಟ್ರು

ತಾ. ಕ.: ಈಗ ಏಳನೇ ಕಾಲಂ ಬಿಚ್ಚು. ‘ಎಣಿಕೆಯಲ್ಲಿ ಲೋಪವಾಗಿದ್ದಲ್ಲಿ ಅದರ ವಿವರ ಮತ್ತು ಲೋಪವೆಸಗಿದವರ ಸಹಿ’ ಎಂದಿದೆ. ಕೆಳಗಿರುವ ಸಹಿ ವಿಜ್ಞಾನದ ಮೇಷ್ಟ್ರದಲ್ಲ, ನನ್ನದು.

ಆ ದಿನ ಬೆಳಿಗ್ಗೆ ನೀನು ಚಾರ್ಟಿನ ಬಣ್ಣ ಒಣಗಲಿ ಎಂದೆ, ನಾನು ಹೊತ್ತಾಯಿತು ಎಂದೆ. “ನಿಮ್ಮ ಜೊತೆ ಬಾಳೋದೂ ಒಂದೇ, ಆ ಗಂಟೆ ಜೊತೆ ಬಾಳೋದೂ ಒಂದೇ” ಎಂದೆ ನೀನು. ನಾನು ನಿನ್ನನ್ನು ಬಿಟ್ಟು ಮುಂದೆ ನಡೆದುಬಿಟ್ಟೆ. ದಾರಿಯಲ್ಲಿ ನಿನಗೆ ಆ ಹುಡುಗಿ ಸಿಕ್ಕಿರಬೇಕು. ಒದ್ದೆ ಚಾರ್ಟಿನ ಎರಡು ತುದಿ ಇಬ್ಬರೂ ಹಿಡಿದು ನಿಧಾನವಾಗಿ ಬಂದಿರಬೇಕು. ಮೂರನೇ ಗಂಟೆ ಹೊಡೆದು ನಾಲ್ಕು ನಿಮಿಷಕ್ಕೆ ಅವಳು ನನ್ನ ತರಗತಿಯ ಬಾಗಿಲಲ್ಲಿ ನಿಂತಳು. ಬೆರಳ ತುಂಬ ನೀಲಿ. ಅದು ಎಲ್ಲಿಯ ನೀಲಿ ಎಂದು ನೋಡಿದ ತಕ್ಷಣ ನನಗೆ ತಿಳಿಯಿತು. ತಿಳಿದೇ ಕೆಂಪು ಶಾಯಿಯಲ್ಲಿ ಗೈರುಹಾಜರಿ ಹಾಕಿದೆ. ಆ ಕೆಂಪು ಗೆರೆ ಎಳೆದದ್ದು ಅವಳ ಹೆಸರಿನ ಮುಂದೆ, ಎಳೆದದ್ದು ನಿನ್ನ ಮೇಲಿನ ಸಿಟ್ಟಿಗೆ.

ಅಷ್ಟರಲ್ಲಿ ತಪಾಸಣಾಧಿಕಾರಿ ಬಂದರು. “ಬಾಗಿಲಲ್ಲಿ ಒಬ್ಬಳು ನಿಂತಿದಾಳಲ್ಲ, ಇವಳನ್ನ ಸೇರಿಸಿದೀರಾ?” ಎಂದರು. “ಇಲ್ಲ ಸರ್. ನನ್ನ ತರಗತಿಯಲ್ಲಿ ಮೂರನೇ ಗಂಟೆ ಆದ ಮೇಲೆ ಬಂದವರು ಬಂದವರಲ್ಲ” ಎಂದೆ. ನಲವತ್ತು ಮಕ್ಕಳೆದುರು ಬಹಳ ಗಂಭೀರವಾಗಿ ಹೇಳಿದೆ. ಶಾಲೆಯಲ್ಲಿ ಇನ್ನೂರ ಐದಾದರೂ ಇರುತ್ತಾರೆಂದು ಆಗ ನಂಬಿದ್ದೆ, ಅದು ನಿಜ. ಆದರೆ ಒಟ್ಟು ನೂರ ತೊಂಬತ್ತೊಂಬತ್ತು ಎಂದು ಗೊತ್ತಾದ ಮೇಲೂ ಅಧಿಕಾರಿ ಅರ್ಧ ಗಂಟೆ ಕಚೇರಿಯಲ್ಲಿ ಕೂತಿದ್ದರು. ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಡೀ ಸಿಬ್ಬಂದಿಯ ಮುಂದೆ ನಾನು, ನಾನು, ಹಾಜರಿ ಪುಸ್ತಕ ತಿದ್ದುವುದೇ? ಎರಡು ಸಲ ಆ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಆವತ್ತಿನಿಂದ ನನ್ನ ಕಾಲು ಒಂದೆಡೆ ನಿಂತಿಲ್ಲ.

ಇನ್ನೊಂದೇ ಮಾತು. ನಿನ್ನೆ ಶಾಲೆ ಬಿಟ್ಟ ಮೇಲೆ ಆ ಹುಡುಗಿ ನನ್ನ ಮೇಜಿನ ಬಳಿ ನಿಂತಳು. “ಸರ್, ಒಂದೇ ಒಂದು ಕಡಿಮೆ ಆಗಿದ್ದಂತೆ ಹೌದಾ? ಹಂಗಾದ್ರೆ ಮೇಡಂ ಹೋಗಿದ್ದು ನನ್ನಿಂದಾನಾ?” ಎಂದಳು. ಐದು ತಿಂಗಳಿಂದ ಅವಳು ಗೇಟಿನ ಬೀಗದ ಹತ್ತಿರ ಯಾಕೆ ನಿಲ್ಲುತ್ತಿದ್ದಳೆಂದು ನನಗೆ ಆಗ ತಿಳಿಯಿತು. “ಇಲ್ಲಮ್ಮ, ನಿನ್ನಿಂದಲ್ಲ, ನನ್ನಿಂದ. ನೀನು ಬಂದಿದ್ದೆ. ನಾನು ಬರೆದುಕೊಳ್ಳಲಿಲ್ಲ” ಎಂದೆ. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನನ್ನೇ ಒಂದು ಕ್ಷಣ ನೋಡಿ ಕೇಳಿದಳು:

“ಮೇಡಂಗೆ ಹೇಳಿದ್ರಾ ಸರ್?”