ಉಪ್ಪು ಕಡಿಮಿ ಅಂದ ಬೀಗರಿಗೆ

ಬೀಗರ,

ಶರಣು. ನೀವು ಹ್ವಾದ ಮ್ಯಾಲ ನನಗ ಸರೀ ಜಗಳಾಡೋರು ಯಾರೂ ಸಿಗವಲ್ರು. ಅದಕ್ಕ ಬರಿಯಾಕ ಕುಂತೇನಿ. ನಾಲ್ಕನೇತ್ತಾಕ ಸಾಲಿ ಬಿಟ್ಟಾಂವ ನಾ, ನನ್ನ ಅಕ್ಷರ ಕೋಳಿ ಕೆದರಿದಂಗ ಇರತಾವು. ಇರಲಿ. ನಿಮ್ಮ ಮನಿಯಾಗ ಏನು ನಡೀತು ಅನ್ನೋದು ನಿಮಗ ನನ್ನ ಬಾಯಿಂದಽ ಗೊತ್ತಾಗಬೇಕು. ಬ್ಯಾರೆಯವರು ಹೇಳಿದ್ರ ನಾಕು ಸುಳ್ಳು ಸೇರಿಸಿ ಹೇಳ್ತಾರ. ನನಗ ಯಾರ ಮ್ಯಾಲೂ ನಂಬಿಗಿ ಇಲ್ಲ, ಅದು ನಿಮಗ ಗೊತ್ತಿದ್ದದ್ದಽ ಐತಿ.

ನೆನಪೈತೇನ್ರಿ, ನಮ್ಮ ಶೈಲಾನ್ನ ನಿಮ್ಮ ಮಹೇಶಗ ಕೊಟ್ಟ ಮ್ಯಾಲ ಹಳಿಯಾಳದಾಗ ನಮ್ಮನಿಯಾಗ ಬೀಗರೂಟ ಆತಲ್ಲ? ಹೋಳಗಿ, ಕಟ್ಟಿನ ಸಾರು, ಬದನೀಕಾಯಿ ಎಣಗಾಯಿ. ಉಂಡವರೆಲ್ಲಾ ಭೇಷ್ ಅಂದ್ರು. ನೀವು ಮಾತ್ರ ಸಾರು ಬಾಯಿಗೆ ಹಚ್ಚಿ ಸುಮ್ಮನ ಕುಂತ್ರಿ. "ಯಾಕ್ರಿ ಬೀಗರ?" ಅಂದೆ. "ಏನಿಲ್ಲ ಬೀಗರ. ಉಪ್ಪು ಸ್ವಲ್ಪ ಕಡಿಮಿ" ಅಂದ್ರಿ. ಪಂಕ್ತಿ ತುಂಬ ಮಂದಿ ನಕ್ಕರು. ನಾ ನಗಲಿಲ್ಲ. ಈ ಮನಷ್ಯಾ ಇನ್ನ ನನ್ನ ಮಗಳ ಕೈ ಅಡಗಿಗೂ ಹೆಸರಿಡತಾನ, ಕೈ ಕೆಲಸಕ್ಕೂ ಹೆಸರಿಡತಾನ ಅಂತ ಅವತ್ತಽ ಸಂಶಯ ಹೊಕ್ಕಿತು. ಹೊಕ್ಕಿದ್ದು ಹೊರಗ ಬರಲೇ ಇಲ್ಲ.

ಕಳದ ಬ್ಯಾಸಗಿಯಾಗ ದಾಂಡೇಲಿಗೆ ಬಂದಾಗ ನಿಮ್ಮ ಹಾಲ್‌ನಾಗ ಆ ಗಾಜಿನ ಟ್ಯಾಂಕು ನೋಡಿದೆ. ಬಿಳಿ ಪಟ್ಟಾ ಇರೋ ಕಿತ್ತಳಿ ಮೀನ ಎರಡು, ನೀಲಿ ಮೀನ ಎರಡು. "ಹೊರಗ ಕಾಳಿ ಹೊಳಿ ತುಂಬಿ ಹರೀತೈತಿ. ನೀವು ಮನಿಯಾಗ ಉಪ್ಪು ನೀರು ಕಲಸಿ ಮೀನ ಸಾಕೀರಿ. ತಲಿ ನೆಟ್ಟಗ ಐತೇನ್ರಿ?" ಅಂತ ಕೇಳಿದೆ. ನೀವು ನಕ್ಕು, "ಅಂಬಿಕಾನಗರದ ಪವರ್‌ಹೌಸಿನಾಗ ಜೀವಮಾನ ಎಲ್ಲಾ ನೀರು ಕೆಳಗ ಬಿಟ್ಟೆ ಬೀಗರ. ಅದು ಸಮುದ್ರಕ್ಕ ಹೋಗಿ ಹೆಂಗ ಇರತೈತಿ ಅಂತ ಕುಂತು ನೋಡಬೇಕು ಅನಿಸ್ತು" ಅಂದ್ರಿ. ಆಮ್ಯಾಲ ಸಣ್ಣ ನಳಿಗಿಯಾಗ ಟ್ಯಾಂಕಿನ ನೀರು ಹಿಡದು, ಔಷಧ ಹನಿ ಹಾಕಿ ತೋರಿಸಿದ್ರಿ. ಹಸರು ಬಂತು. "ನೀರು ಸ್ವಚ್ಛ ಇದ್ರ ಇದು ಹಳದಿ ಆಗಬೇಕು ಬೀಗರ. ಆಗವಲ್ದು. ನಾ ಇಲ್ಲದಾಗ ಈ ನೀರು..." ಅಂತ ಅಂದು ಅಲ್ಲೇ ನಿಲ್ಲಿಸಿದ್ರಿ. ಮುಂದ ಏನಿತ್ತು? ನಾ ಯಾಕ ಕೇಳಲಿಲ್ಲ? ಮಳಿ ಹಿಡಿಯೋದ್ರೊಳಗ ನೀವು ಎದಿ ಹಿಡಕೊಂಡು ಹೊಂಟಽ ಬಿಟ್ರಿ.

ಶೈಲಾನ ಫೋನ್ ಬಂದಾಗ ನಾ ಕಬ್ಬಿಗೆ ನೀರು ಹಾಯಿಸಾಕತ್ತಿದ್ದೆ. "ಯಪ್ಪಾ, ಎರಡನೇ ನೀಲಿ ಮೀನೂ ಸತ್ತತಿ. ಅತ್ತಿಯಾರು ನನ್ನ ಕೂಡ ಮಾತು ಬಿಟ್ಟಾರ. ಬಾಜೂ ಮನಿಯವರ ಮುಂದ 'ನಮ್ಮನಿಯವರು ಇದ್ದಾಗ ಎಲ್ಲಾ ಚಂದಿತ್ತು, ಈಗ ಸೊಸಿ ಕೈಗುಣ' ಅಂದ್ರಂತ" ಅಂತ ಅಳಾಕತ್ತಿದ್ಲು. ನನಗ ನೆತ್ತಿ ಸುಟ್ಟಂಗಾತು. ಸತ್ತ ಮಾವನ ಮೀನ ಕೊಂದಾಕಿ ಅನ್ನೋ ಹೆಸರು ನನ್ನ ಮಗಳಿಗೆ ಹತ್ತಬೇಕೇನು? ಉಳದ ಎರಡೂ ಸತ್ರ ಆ ಮನಿಯಾಗ ಆಕಿ ಬಾಳ್ವೆ ಹೆಂಗ? ಸಲಿಕಿ ಅಲ್ಲೇ ಒಗದು ಬಸ್ ಹತ್ತಿದೆ.

ಬಾಗಲಾ ದಾಟಿದ ಕೂಡಲೇ ವಾಸನಿ ಬಂತು ಬೀಗರ. ನೀರು ಅಕ್ಕಿ ತೊಳದಂಗ ಮಬ್ಬಾಗಿತ್ತು. ಕಿತ್ತಳಿ ಮೀನ ಎರಡೂ ಮ್ಯಾಲ ಬಂದು ಬಾಯಿ ಬಡೀತಿದ್ವು. ನಾ ಒಬ್ಬೊಬ್ಬರನ್ನಽ ಹಿಡಕೊಂಡೆ. ಮದಲು ನಳದ ನೀರು. "ಬ್ಲೀಚಿಂಗ್ ಪುಡಿ ವಾಸನಿ ಐತಿ, ಅದಽ ಕೊಂದತಿ" ಅಂದೆ. "ಇಲ್ಲ ಮಾವಾರ, ಅಪ್ಪ ತಂದಿಟ್ಟ ಔಷಧ ಹಾಕಿ, ಒಂದ ದಿನ ಬಿಟ್ಟಽ ಬಳಸ್ತೇನಿ" ಅಂದ ಅಳಿಯಾ. ಹಂಗಾದ್ರ ಅಳಿಯಾನ ಮ್ಯಾಲ ಸಂಶಯ. ದಿನಾ ನೀರು ಇಳೀತಿತ್ತು, ಆಂವ ಉಪ್ಪು ನೀರೇ ಕಲಸಿ ತುಂಬಿಸ್ತಿದ್ನಂತ. ಒಂದ ವಾರದ ಹಿಂದ ತಪ್ಪು ತಿಳದು ಅದನ್ನ ನಿಲ್ಲಿಸ್ಯಾನಂತ. "ಆವಿಯಾಗಿ ಹಾರೋದು ನೀರು ಅಷ್ಟಽ, ಉಪ್ಪು ಒಳಗಽ ಉಳೀತೈತಿ. ಅದಕ್ಕ ಈಗ ಸಪ್ಪನೀರು ಹಾಕ್ತೇನಿ" ಅಂದ. ಸುಳ್ಳು ಹೇಳತಾನ ಅಂತ ಮದಲು ಅನಿಸ್ತು. ಆಮ್ಯಾಲ ನಮ್ಮ ಬೆಲ್ಲದ ಕೊಪ್ಪರಗಿ ನೆನಪಾತು. ಅಲ್ಲೂ ನೀರು ಹಾರಿ ಸಿಹಿ ಗಟ್ಟಿ ಆಗತೈತಲ್ಲ? ಬಿಟ್ಟೆ ಆಂವನ್ನ.

ನಿಮಗ ಮೀನ, ಉಪ್ಪು ಮಾರಿದ ಹುಬ್ಬಳ್ಳಿ ಅಂಗಡಿಯಾಂವಗ ಫೋನ್ ಹಚ್ಚಿದ್ದು ನೆನಸಿಕೊಂಡ್ರ ಈಗೂ ಸಿಟ್ಟು ಬರತೈತಿ. "ಸಮುದ್ರದ ಉಪ್ಪು ಅಂತ ಏನು ಕಲಬೆರಕಿ ಮಾರೀಯೋ?" ಅಂತ ಜೋರು ಮಾಡಿದೆ. ಆಂವ, "ಕಾಕಾ, ಉಪ್ಪಿನ ತಪ್ಪಲ್ರಿ. ನಳಿಗಿಯಾಗ ಹನಿ ಹಾಕಿ ನೋಡ್ರಿ, ಏನು ಬಣ್ಣ?" ಅಂದ. ನೋಡಿದೆ. ಗಾಢ ಹಸರು. "ಹಂಗಾದ್ರ ಅಮೋನಿಯಾ ಐತ್ರಿ. ಒಳಗ ಏನೋ ಕೊಳೀತೈತಿ. ಟ್ಯಾಂಕು ಹೊಸಾದು, ಹೊಲಸು ಕರಗಿಸೋ ಕಣ್ಣಿಗೆ ಕಾಣದ ಜೀವ ಇನ್ನೂ ಬಲತಿಲ್ಲ. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮಸರು ಕೇಳಿದ್ರ ಕೊಡತೈತೇನ್ರಿ? ಸ್ವಲ್ಪ ಸ್ವಲ್ಪ ನೀರು ಬದಲಿ ಮಾಡ್ರಿ, ಕೂಳು ಕಡಿಮಿ ಹಾಕ್ರಿ" ಅಂದ. ಮಾತಿನಾಗ ಜಾಣ ಇದ್ದ. ಜಾಣರ ಮ್ಯಾಲ ನನಗ ಇನ್ನೂ ಜಾಸ್ತಿ ಸಂಶಯ. ಆದ್ರ "ಏನೋ ಕೊಳೀತೈತಿ" ಅಂದದ್ದು ತಲಿಯಾಗ ಕುಂತಿತು. "ಕೂಳು ಯಾರು ಹಾಕ್ತೀರಿ?" ಅಂದೆ. "ನಾನಽ ಯಪ್ಪಾ, ಮುಂಜಾನೆ ಒಂದ ಚಿಟಿಕಿ" ಅಂದ್ಲು ಶೈಲಾ.

ನೀರಿನ ಮ್ಯಾಲ ಸಣ್ಣ ಕೆನಿ ಕಂಡದ್ದು ಅವತ್ತಽ. ಕೈಬಟ್ಟಿಲೆ ತಿಕ್ಕಿ ಮೂಸಿದೆ. ತುಪ್ಪ! ಸಮುದ್ರದಾಗ ತುಪ್ಪ ಎಲ್ಲಿಂದ ಬರತೈತ್ರಿ ಬೀಗರ? ಅಳಿಯಾ ಫಿಲ್ಟರಿನ ಸ್ಪಂಜು ತಗದು, ಬಾಲ್ದಿಗೆ ತಗದಿಟ್ಟಿದ್ದ ಟ್ಯಾಂಕಿನ ನೀರಾಗಽ ಹಿಂಡಿದ. ಲೋಳಿ ಬಂತು, ಅದರಾಗ ಅರ್ಧ ಕಡ್ಲಿಬ್ಯಾಳಿ ಬಂತು. ನಾ ಅದನ್ನ ಅಂಗೈಯಾಗ ಹಿಡದು ಶೈಲಾನ ಮಾರಿ ನೋಡಿದೆ. ಆಕಿ ಅಳಿಯಾನ ಮಾರಿ ನೋಡಿದ್ಲು. ನಾ ಬ್ಯಾಳಿ ಕಿಸೆಯಾಗ ಹಾಕ್ಕೊಂಡೆ.

ಬ್ಯಾಳಿ ಹಾಕೋರನ್ನ ಹಿಡೀಬೇಕಂತ ಅಲ್ಲೇ ಉಳಕೊಂಡೆ. ಸೋಮವಾರ ಮುಂಜಾನೆ ನಾ ಹಾಲ್‌ನಾಗ ಖುರ್ಚಿಗೆ ಒರಗಿ, ಕಣ್ಣು ಮುಚ್ಚಿದಂಗ ಮಾಡಿ ಕುಂತಿದ್ದೆ. ಪೂಜಿ ಮುಗಿಸಿ ಶೈಲಾನ ಅತ್ತಿ, ನಿಮ್ಮ ನೀಲವ್ವಾರು ಬಂದ್ರು. ಕೈಯಾಗ ಸಣ್ಣ ಬಟ್ಟಲಾ. ಸೆರಗು ಸರಿ ಮಾಡಿಕೊಂಡು ಟ್ಯಾಂಕಿನ ಮುಂದ ನಿಂತು, ಗುಬ್ಬಿಗೆ ಹಾಕಿದಂಗ ಒಂದೊಂದ ಉಂಡಿ ಒಳಗ ಬಿಟ್ರು. ಹೂರಣ ರೀ! ತುಪ್ಪ ಹಾಕಿದ ಹೂರಣ! "ಉಣ್ರಿ... ಬಿಸಿ ಐತಿ" ಅಂದ್ರು. ನನ್ನ ಬಾಯಿಗೆ ಬೈಗುಳ ಬಂದು ನಿಂತಿತ್ತು. ನನ್ನ ಮಗಳಿಗೆ ಕಳಂಕ ಹಚ್ಚಿ, ತಾವು ಇಲ್ಲಿ...

"ಯಕ್ಕಾ, ಇದೇನು ಮಾಡಾಕತ್ತೀರಿ?"

ಅವರು ಬೆಚ್ಚಿದ್ರು. ಬಟ್ಟಲಾ ಬಿಡಲಿಲ್ಲ. "ಅಮಾಸಿ ದಿನಾ ಮಾಳಗಿ ಮ್ಯಾಲ ಅವರ ಹೆಸರಿನ ಎಡಿ ಇಟ್ಟೆ ಅಣ್ಣಾರ. ಹೊತ್ತು ಏರೋತನಕ ಕುಂತೆ. ಕಾಗಿ ಮುಟ್ಟಲಿಲ್ಲ. ಮಂಗ್ಯಾ ಬಂದು ಎಲಿ ಸಮೇತ ಎಳಕೊಂಡು ಹ್ವಾತು. ಅವರು ಉಪವಾಸ ಹ್ವಾದ್ರು ಅನಿಸ್ತು. ಕೈಗೆ ಹತ್ತಿದ್ದ ಹೂರಣ ಹಂಗಽ ಇತ್ತು, ಇಲ್ಲಿ ಬಂದು ನಿಂತೆ. ಇವು ಓಡಿ ಬಂದು ಬಾಯಿ ತಗದ್ವು. ಮುಟ್ಟಿದ್ವು ಅಣ್ಣಾರ! ಅವರಿಗೆ ಹೂರಣ ಅಂದ್ರ ಎಷ್ಟ ಜೀವ ನಿಮಗ ಗೊತ್ತಿಲ್ಲೇನು? ಅವರು ತೀರಿದ್ದು ಸೋಮವಾರ, ಅದಕ್ಕ ಸೋಮವಾರಕ್ಕೊಮ್ಮೆ..."

ಕಿಸೆಯಾಗಿನ ಬ್ಯಾಳಿ ತಗದು ಎದುರಿಗೆ ಹಿಡದು ಒದರಬೇಕಂತ ಬಂದಾಂವ ನಾ. ಬ್ಯಾಳಿ ಕಿಸೆಯಾಗಽ ಉಳೀತು. ನಿಮ್ಮ ಬೀಗರೂಟಽ ಬಾಯಿಗೆ ಬಂತು ನೋಡ್ರಿ. "ಯಕ್ಕಾ, ನಿಮ್ಮನಿಯವರು ಜಗ್ಗಿ ಮಂದಿ ಮುಂದ 'ಉಪ್ಪು ಕಡಿಮಿ' ಅಂದಾವರು. ಅವರಿಗೆ ಈಗ ಉಪ್ಪಽ ಬೇಕು, ಸಿಹಿ ಆಗಂಗಿಲ್ಲ. ಈ ಹೂರಣ ತಳದಾಗ ಕೊಳತು ನೀರು ನಂಜಾಗೈತಿ. ಮೀನ ಸತ್ತದ್ದು ಅದರಿಂದ. ಶೈಲಾನ ಕೈಯಿಂದ ಅಲ್ಲ" ಅಂದೆ. ಮೆತ್ತಗ ಹೇಳಾಕ ನನಗ ಬರಂಗಿಲ್ಲ, ನಿಮಗ ಗೊತ್ತು. ಬಂದಷ್ಟು ಮೆತ್ತಗ ಹೇಳಿದೆ.

ಅವರು ಟ್ಯಾಂಕಿನ ಗಾಜಿಗೆ ಕೈ ಹಚ್ಚಿದ್ರು. ಅಳತಾರ ಅಂದಕೊಂಡೆ. ಅಳಲಿಲ್ಲ. ಅಡಗಿಮನಿ ಕಡೆ ತಿರುಗಿ, "ಶೈಲವ್ವಾ, ಬಾಲ್ದಿ ತೊಗೊಂಡು ಬಾರವ್ವಾ. ಇಬ್ಬರೂ ಕೂಡಿ ನೀರು ತಗಿಯೂಣು" ಅಂದ್ರು. ಒಳಗ ಬಾಂಡೆ ತಿಕ್ಕೋ ಸಪ್ಪಳ ನಿಂತಿತು. ಮಾತು ಬಿಟ್ಟ ಮ್ಯಾಲ ಅದಽ ಮದಲನೇ ಮಾತು. ತಪ್ಪಾತು ಅಂತ ಅವರು ಅನ್ನಲಿಲ್ಲ, ಅನ್ನಲಿ ಅಂತ ಮಗಳೂ ಕಾಯಲಿಲ್ಲ. ಬಾಲ್ದಿಯ ಒಂದ ಕಡೆ ಆಕಿ, ಒಂದ ಕಡೆ ಅವರು. ಬಾಜೂ ಮನಿಯಾಕಿ ಕಿಡಕಿಯಾಗ ಇಣುಕಿದ್ರ ನೀಲವ್ವಾರು ತಾವಽ, "ನನ್ನ ಕೈಲೇ ಕೆಟ್ಟಿತ್ತವ್ವಾ, ಸೊಸಿ ಸರಿ ಮಾಡಾಕತ್ಯಾಳ" ಅಂದ್ರು. ನಾ ಮಾರಿ ಆ ಕಡೆ ಹೊಳ್ಳಿಸಿಕೊಂಡೆ. ಕಣ್ಣಿಗೆ ಉಪ್ಪು ನೀರು ಸಿಡಿದಿತ್ತು, ಮತ್ತೇನಿಲ್ಲ.

ಮೊನ್ನೆ ಮತ್ತ ಹ್ವಾಗಿದ್ದೆ, ನಂಬಿಗಿ ಇಲ್ಲದಽ. ನಾಕು ಮಂದಿ ಕಣ್ಣ ಮುಂದ ನಳಿಗಿಗೆ ಹನಿ ಹಾಕಸಿದೆ. ಬೀಗರ, ನೀವು ಕಾಣದಽ ಹ್ವಾದ ಸುದ್ದಿ ಇದು: ಹಳದಿ ಬಂತು. ಅರಿಷಿಣ ಕಲಸಿದಂಗ ಹಳದಿ! ನಂಬಲಿಲ್ಲ ನಾ, ಇನ್ನೊಮ್ಮೆ ಹಾಕಸಿದೆ. ಮತ್ತ ಹಳದಿ. ನೀಲವ್ವಾರು ನಳಿಗಿ ತೊಗೊಂಡು ಹೋಗಿ ನಿಮ್ಮ ಫೋಟೋದ ಮುಂದ ಹಿಡದು ನಿಂತ್ರು. ಎರಡೂ ಕಿತ್ತಳಿ ಮೀನ ಕಲ್ಲಿನ ಸಂದಿಯಾಗ ಆಡಾಕತ್ತಾವು.

ಇನ್ನ ಮ್ಯಾಲ ಅಮಾಸಿ ಎಡಿ ಟ್ಯಾಂಕಿನ ಮುಂದ ಸ್ಟೂಲಿನ ಮ್ಯಾಲ ಇಡೋದು, ಒಳಗ ಅಲ್ಲ ಅಂತ ಠರಾವಾಗೈತಿ. "ಹಂಗಾದ್ರ ಮುಟ್ಟೋರು ಯಾರು ಅಣ್ಣಾರ?" ಅಂದ್ರು ನೀಲವ್ವಾರು. "ಕಾಗಿ ಬರದಿದ್ರೇನಾತು, ಬೀಗ ಬರ್ತಾನ" ಅಂದೆ. ಬಸ್ಸಿಗೆ ಹತ್ತಿ ಬಂದು ನಿಮ್ಮ ಪಾಲಿನ ಹೂರಣ ನಾನಽ ಉಣ್ಣತೇನಿ. ಮಾತು ಕೊಟ್ಟೇನಿ.

ಹೊಂಡೋ ಮುಂದ ಉಪ್ಪು ಅಳತಿ ಮಾಡೋ ಕಡ್ಡಿ ನಾನಽ ತೇಲಿ ಬಿಟ್ಟು, ಚಸ್ಮಾ ಹಾಕ್ಕೊಂಡು ಬಗ್ಗಿ ನೋಡಿದೆ. ಗೆರಿಗೆ ಸರೀ ನಿಂತೈತಿ. ಈಗ ಅನ್ರಿ ನೋಡೂಣು ಬೀಗರ, ಕಡಿಮಿ ಅಂತ.

ನಿಮ್ಮ ಬೀಗ,
ರುದ್ರಪ್ಪ